ಬಿರುಕು ಹಿಡಿಯುವ ನಾರು: ಪ್ರೀಕಾಸ್ಟ್ ಯಾರ್ಡ್ ನಡೆಸುವವರಿಗೆ ಹದಿಮೂರು ಸೂತ್ರಗಳು

ಮಣ್ಣಿನ ಗೋಡೆ ಎಬ್ಬಿಸುತ್ತಿದ್ದ ನಮ್ಮ ಹಿರಿಯರು ಕೆಸರಿಗೆ ಭತ್ತದ ಹುಲ್ಲು ಹಾಕಿ ತುಳಿಯುತ್ತಿದ್ದರು. ಗೋಡೆ ಒಣಗುವಾಗ ಬಾಯಿ ಬಿಡಬಾರದು ಎಂಬುದು ಅವರ ಲೆಕ್ಕ. ಚಾವಣಿಯ ಭಾರ ಹೊರಲು ಮಾತ್ರ ಮರದ ತೊಲೆಯನ್ನೇ ಇಡುತ್ತಿದ್ದರು. ಹುಲ್ಲಿನಿಂದ ಆ ಕೆಲಸವನ್ನು ಯಾರೂ ನಿರೀಕ್ಷಿಸಲಿಲ್ಲ. ಇವತ್ತು ಹೆದ್ದಾರಿಯ ಪಕ್ಕದಲ್ಲಿ ಕಾಂಪೌಂಡ್ ಪಟ್ಟಿ, ಚೇಂಬರ್ ಮುಚ್ಚಳ, ಚರಂಡಿ ಸ್ಲ್ಯಾಬ್, ಬಾವಿ ರಿಂಗ್, ಪಾರ್ಕಿನ ಬೆಂಚು ಎರಕ ಹೊಯ್ಯುವ ನೂರಾರು ಸಣ್ಣ ಯಾರ್ಡುಗಳಿಗೆ ಅದೇ ಹುಲ್ಲು ಪ್ಲಾಸ್ಟಿಕ್ ನಾರಿನ ರೂಪದಲ್ಲಿ ಬಂದಿದೆ. ಯಾರ್ಡಿನವರು ಅದನ್ನು ಸಿಂಥೆಟಿಕ್ ಫೈಬರ್ ಅಥವಾ ಬರೀ ಫೈಬರ್ ಎನ್ನುತ್ತಾರೆ. ಸರಿಯಾಗಿ ಬಳಸಿದವರಿಗೆ ಅದು ಲಾಭ ತಂದಿದೆ. ಕಂಬಿಯ ಖರ್ಚು ಉಳಿಸುವ ಮಂತ್ರ ಎಂದು ನಂಬಿ ಸುರಿದವರ ಮಾಲು ಲಾರಿಯಲ್ಲೇ ಮುರಿದಿದೆ. ಮೊದಲ ಗುಂಪಿನಲ್ಲಿ ಉಳಿಯಬೇಕೆಂದರೆ ಈ ಹದಿಮೂರು ಮಾತುಗಳನ್ನು ಗಮನಿಸಿ.

1. ಒಡೆದ ಮಾಲಿನ ರಾಶಿಯನ್ನು ಮೊದಲು ಓದಿ

ಪ್ರತಿ ಯಾರ್ಡಿನ ಮೂಲೆಯಲ್ಲೂ ಒಂದು ಗುಡ್ಡೆ ಇರುತ್ತದೆ. ಫೈಬರ್ ಮಾರುವವನನ್ನು ಕರೆಯುವ ಮುನ್ನ ಅರ್ಧ ದಿನ ಆ ಗುಡ್ಡೆಯ ಮುಂದೆ ಕೂತು ಚೂರುಗಳನ್ನು ನಾಲ್ಕು ಪಾಲು ಮಾಡಿ. ಮೇಲ್ಮೈಯಲ್ಲಿ ಕೂದಲೆಳೆಯಂಥ ಬಿರುಕುಗಳು ಹರಡಿದ್ದರೆ, ಅದು ಎರಕ ಹೊಯ್ದ ಮೊದಲ ಕೆಲವು ಗಂಟೆಗಳಲ್ಲಿ ಬಿಸಿಲು ಗಾಳಿಗೆ ನೀರು ಬೇಗ ಆರಿದ ಗುರುತು. ಮೂಲೆ, ಅಂಚು ಹಾರಿದ್ದರೆ ಅಚ್ಚು ಬಿಡಿಸುವಾಗಲೋ ಜೋಡಿಸುವಾಗಲೋ ಪೆಟ್ಟು ಬಿದ್ದಿದೆ. ನಟ್ಟನಡುವೆ ತುಂಡಾಗಿದ್ದರೆ ಎತ್ತಿದ ರೀತಿ ತಪ್ಪಿದೆ, ಇಲ್ಲವೇ ಬಲ ಬರುವ ಮೊದಲೇ ಎತ್ತಿದ್ದೀರಿ. ಕಂಬಿಯ ಗೆರೆಯುದ್ದಕ್ಕೂ ಸೀಳಿ ಕೆಂಪಗಾಗಿದ್ದರೆ ಅದು ತುಕ್ಕು.

ಮೊದಲ ರೋಗಕ್ಕೆ ಸಣ್ಣ ನಾರು ಒಳ್ಳೆಯ ಮದ್ದು. ಎರಡನೆಯದಕ್ಕೆ ನಾರು ಬಹಳ ಮಟ್ಟಿಗೆ ಸಹಾಯ ಮಾಡುತ್ತದೆ. ಮೂರನೆಯದಕ್ಕೆ ಮದ್ದು ಹೆಚ್ಚಾಗಿ ನಿಮ್ಮ ಆಳುಗಳ ಕೈಯಲ್ಲೇ ಇದೆ. ನಾಲ್ಕನೆಯದು ದೊಡ್ಡ ಕತೆ, ಆರನೇ ಸೂತ್ರದಲ್ಲಿ ಹೇಳುತ್ತೇನೆ. ನಾನು ನೋಡಿದ ಯಾರ್ಡುಗಳಲ್ಲೆಲ್ಲ ಒಂದು ಮಾತು ನಿಜವಾಗಿತ್ತು: ಮಾಲು ಹೆಚ್ಚಾಗಿ ಒಡೆಯುವುದು ಗಿರಾಕಿಯ ಮನೆ ಮುಟ್ಟುವ ಮೊದಲೇ. ನಾರು ತನ್ನ ಬೆಲೆಯನ್ನು ದುಡಿದುಕೊಡುವುದೂ ಆ ಮೊದಲ ದಿನಗಳಲ್ಲೇ.

2. ಸಣ್ಣ ನಾರು ಬೇರೆ, ದಪ್ಪ ನಾರು ಬೇರೆ

ಅಂಗಡಿಯಲ್ಲಿ ಎರಡಕ್ಕೂ ಫೈಬರ್ ಎಂದೇ ಹೆಸರು. ಯುರೋಪಿನ ಮಾನದಂಡ ಇಎನ್ 14889-2 ಇವೆರಡರ ನಡುವೆ 0.30 ಮಿಲಿಮೀಟರ್ ದಪ್ಪದ ಗೆರೆ ಎಳೆದಿದೆ. ಅದಕ್ಕಿಂತ ತೆಳ್ಳಗಿನದು ಮೈಕ್ರೋ, ದಪ್ಪನೆಯದು ಮ್ಯಾಕ್ರೋ.

ಮೈಕ್ರೋ ನಾರು ಹತ್ತಿಯಂತೆ ಮೆತ್ತಗೆ. ಸಾಮಾನ್ಯವಾಗಿ 6ರಿಂದ 20 ಮಿಮೀ ಉದ್ದ. 32 ಮೈಕ್ರಾನ್ ದಪ್ಪ, 12 ಮಿಮೀ ಉದ್ದದ ಪಾಲಿಪ್ರೊಪಿಲೀನ್ ಎಳೆಯನ್ನು ಘನ ಮೀಟರಿಗೆ 900 ಗ್ರಾಂ ಹಾಕಿದರೆ, ಆ ಒಂದು ಘನ ಮೀಟರಿನೊಳಗೆ ಸುಮಾರು ಹತ್ತು ಕೋಟಿ ಎಳೆಗಳಿರುತ್ತವೆ. ಹಸಿ ಕಾಂಕ್ರೀಟು ಒಣಗುತ್ತ ಎಲ್ಲಿ ಸೀಳಲು ಹೊರಟರೂ ಅಲ್ಲೊಂದು ಎಳೆ ಅಡ್ಡ ನಿಂತಿರುತ್ತದೆ.

ಮ್ಯಾಕ್ರೋ ನಾರು ಪೊರಕೆ ಕಡ್ಡಿಯ ಚೂರಿನಂತೆ ಗಡುಸು. 30ರಿಂದ 60 ಮಿಮೀ ಉದ್ದ, ಮೈಮೇಲೆ ಉಬ್ಬು ಅಥವಾ ನುಲಿ. ಗಟ್ಟಿಯಾದ ಕಾಂಕ್ರೀಟು ಬಿರುಕು ಬಿಟ್ಟ ಮೇಲೆ ಎರಡು ದಡಗಳನ್ನು ಹಿಡಿದು ನಿಲ್ಲುವುದು ಅದರ ಕೆಲಸ. 0.8 ಮಿಮೀ ದಪ್ಪ, 50 ಮಿಮೀ ಉದ್ದದ ನಾರು ಘನ ಮೀಟರಿಗೆ 4 ಕೆಜಿ ಎಂದರೆ ಸುಮಾರು ಒಂದೂಮುಕ್ಕಾಲು ಲಕ್ಷ ಎಳೆಗಳು.

ಮೈಕ್ರೋ ಹಾಕಿ ಮ್ಯಾಕ್ರೋ ಮಾಡುವ ಕೆಲಸವನ್ನು ನಿರೀಕ್ಷಿಸಬೇಡಿ. ಈ ವ್ಯಾಪಾರದಲ್ಲಿ ಆಗುವ ಮೋಸದಲ್ಲಿ ದೊಡ್ಡ ಪಾಲು ಈ ಒಂದು ಗೊಂದಲದಿಂದ ಹುಟ್ಟಿದ್ದು.

3. ಗಟ್ಟಿಯಾದ ಕಾಂಕ್ರೀಟಿನಲ್ಲಿ ನಾರು ಏಳುವುದು ಬಿರುಕಾದ ಮೇಲೆ

"ಫೈಬರ್ ಹಾಕಿ ಸಾರ್, ಎಂ20 ಮಾಲು ಎಂ25 ಆಗುತ್ತೆ" ಎನ್ನುವ ಮಾರಾಟಗಾರನಿಗೆ ಒಂದು ಲೋಟ ಚಹಾ ಕೊಟ್ಟು ಕಳಿಸಿ. ಎಂ25 ಕಾಂಕ್ರೀಟಿನ ಬಿಗಿತ, ಅಂದರೆ ಬಾಗದೆ ಹಿಗ್ಗದೆ ನಿಲ್ಲುವ ಗುಣ, ಐಎಸ್ 456ರ ಸೂತ್ರದಂತೆ ಸುಮಾರು 25 ಗಿಗಾಪಾಸ್ಕಲ್. ಪಾಲಿಪ್ರೊಪಿಲೀನ್ ಮ್ಯಾಕ್ರೋ ನಾರಿನದು ಸಾಮಾನ್ಯವಾಗಿ 3ರಿಂದ 10. ತನಗಿಂತ ಬಿಗಿಯಾದದ್ದು ಹೊರೆ ಹೊರುತ್ತಿರುವಾಗ ಮೆತ್ತಗಿನದಕ್ಕೆ ಕೆಲಸವೇ ಇರುವುದಿಲ್ಲ. ಕಾಂಕ್ರೀಟು ಬಿರಿದಾಗ ನಾರು ಬಿಗಿಯಾಗುತ್ತದೆ, ಹಿಡಿದುಕೊಳ್ಳುತ್ತದೆ, ಮಾಲು ಎರಡು ಹೋಳಾಗದಂತೆ ತಡೆಯುತ್ತದೆ.

ಹಸಿ ಕಾಂಕ್ರೀಟಿನ ಮೊದಲ ಗಂಟೆಗಳ ಕತೆ ಬೇರೆ. ಆಗ ಕಾಂಕ್ರೀಟಿಗೇ ಬಲವಿಲ್ಲ, ಹಾಗಾಗಿ ಮೆತ್ತಗಿನ ಮೈಕ್ರೋ ಎಳೆಯೂ ಅದರ ಮುಂದೆ ಶೂರನೇ. ಈ ಎರಡು ಘಟ್ಟಗಳನ್ನು ತಲೆಯಲ್ಲಿ ಬೇರೆ ಬೇರೆ ಇಟ್ಟುಕೊಂಡವನಿಗೆ ಉಳಿದ ಸೂತ್ರಗಳು ತಾವಾಗಿಯೇ ಹೊಳೆಯುತ್ತವೆ. ನಾರು ಹಾಕಿದೆವೆಂದು ಸಿಮೆಂಟ್ ಕಡಿಮೆ ಮಾಡಬೇಡಿ.

4. ಕಂಬಿ ತೆಗೆಯುವ ಮೊದಲು ಮೂರು ಪ್ರಶ್ನೆ ಕೇಳಿ

ಇದು ಮುರಿದರೆ ಯಾರಾದರೂ ಕೆಳಗೆ ಬೀಳುತ್ತಾರೆಯೇ, ಯಾರ ಮೇಲಾದರೂ ಬೀಳುತ್ತದೆಯೇ? ಇದು ಹಗಲು ರಾತ್ರಿ ಬಿಡದೆ ಬಾಗುವ ಹೊರೆಯನ್ನು ಹೊರುತ್ತದೆಯೇ? ಆರ್ಡರ್ ಕೊಟ್ಟವರ ಕಾಗದದಲ್ಲಿ ಯಾವ ಮಾನದಂಡದ ಹೆಸರಿದೆ?

ಮೊದಲೆರಡಕ್ಕೆ ಹೌದು ಎಂದಾದರೆ ಮುಖ್ಯ ಕಂಬಿ ಅಲ್ಲೇ ಇರಲಿ. ಲಿಂಟೆಲ್, ಸಜ್ಜಾ, ಚಾವಣಿ ಹಲಗೆ, ತೊಲೆ, ಮೆಟ್ಟಿಲಿನ ಚಪ್ಪಡಿ ಇವೆಲ್ಲ ಆ ಪಟ್ಟಿಗೆ ಸೇರುತ್ತವೆ. ಪಾಲಿಪ್ರೊಪಿಲೀನಿಗೆ ಒಂದು ದೌರ್ಬಲ್ಯವಿದೆ: ಒಂದೇ ಸಮ ಎಳೆತದಲ್ಲಿಟ್ಟರೆ ವರ್ಷಗಳ ಮೇಲೆ ನಿಧಾನವಾಗಿ ಹಿಗ್ಗುತ್ತದೆ. ಕಬ್ಬಿಣ ಹಾಗೆ ಹಿಗ್ಗುವುದಿಲ್ಲ. ಪ್ರಯೋಗಾಲಯದಲ್ಲಿ ಹತ್ತು ನಿಮಿಷ ಗಟ್ಟಿಯಾಗಿ ನಿಂತ ಬಿರುಕು, ತಲೆಯ ಮೇಲಿನ ಸಜ್ಜಾದಲ್ಲಿ ಹತ್ತು ವರ್ಷ ಹಾಗೆಯೇ ನಿಲ್ಲುತ್ತದೆ ಎಂದು ನಂಬಲಾಗದು.

ಮೂರನೇ ಪ್ರಶ್ನೆ ವ್ಯವಹಾರದ್ದು. ಐಎಸ್ 458 ಪ್ರಕಾರ ಎನ್‌ಪಿ2, ಎನ್‌ಪಿ3 ಪೈಪಿಗೆ ಆರ್ಡರ್ ಬಂದಿದ್ದರೆ ಆ ಮಾನದಂಡ ಹೇಳಿದ ಕಂಬಿ ಒಳಗಿರಬೇಕು. ಅಮೆರಿಕದಲ್ಲಿ ಸಿಂಥೆಟಿಕ್ ಫೈಬರ್ ಪೈಪುಗಳಿಗೆ ಎಎಸ್‌ಟಿಎಂ ಸಿ1818 ಎಂಬ ಪ್ರತ್ಯೇಕ ಮಾನದಂಡವೇ ಇದೆ ಎಂಬುದು ನಿಜ. ಹಾಗೆಂದು ಇಲ್ಲಿನ ಬಿಲ್ಲಿಗೆ ಅಲ್ಲಿನ ಮಾನದಂಡ ಅಂಟಿಸಲಾಗದು.

ಹಾಗಾದರೆ ಏನನ್ನು ತೆಗೆಯಬಹುದು? ಒಣಗುವ ಬಿರುಕು ತಡೆಯಲೆಂದು ಹಾಕುವ ತೆಳು ಮೆಶ್, ಅಡ್ಡ ತಂತಿ, ಸಾಗಾಟದಲ್ಲಿ ಒಡೆಯದಿರಲಿ ಎಂದು ಹಾಕುವ ಹೆಚ್ಚುವರಿ ಸರಳು. ನೆಲದ ಮೇಲೆ ಪೂರ್ತಿ ಕೂರುವ ಪ್ಲಿಂತ್ ಚಪ್ಪಡಿ, ಕರ್ಬ್ ಕಲ್ಲು, ಹೂಕುಂಡ, ಗಿಡದ ಕಟ್ಟೆ ಇಂಥವುಗಳಲ್ಲಿ ನಾರು ಒಂದೇ ಸಾಕಾಗಬಹುದು. ಫ್ರಾನ್ಸಿನ ತೋಟಗಾರ ಜೋಸೆಫ್ ಮೋನಿಯೆ 1867ರಲ್ಲಿ ಕಬ್ಬಿಣದ ಜಾಲರಿ ಹಾಕಿ ಪೇಟೆಂಟ್ ಪಡೆದದ್ದು ತೋಟದ ಸಿಮೆಂಟ್ ತೊಟ್ಟಿಗಳಿಗೆ. ಕಂಬಿ ಕಾಂಕ್ರೀಟಿನ ಚರಿತ್ರೆಯ ಆರಂಭದಲ್ಲೇ ಇರುವ ಆ ತೊಟ್ಟಿಯಿಂದಲೇ ಇವತ್ತು ಕಂಬಿಯನ್ನು ಧೈರ್ಯವಾಗಿ ಬಿಡಿಸಬಹುದು.

5. ಪಟ್ಟಿಯನ್ನು ಮಲಗಿಸಿ ಎತ್ತಬೇಡಿ

ಇದು ನಾರಿನ ಮಾತಲ್ಲ, ಆದರೂ ಹೇಳದಿದ್ದರೆ ಉಳಿದದ್ದೆಲ್ಲ ವ್ಯರ್ಥ. ನಮ್ಮಲ್ಲಿ ಹೆಚ್ಚು ಓಡುವ ಕಾಂಪೌಂಡ್ ಪಟ್ಟಿ 7 ಅಡಿ ಉದ್ದ, 1 ಅಡಿ ಅಗಲ, 2 ಇಂಚು ದಪ್ಪ. ಅದರಲ್ಲಿ ಸುಮಾರು 33 ಲೀಟರ್ ಕಾಂಕ್ರೀಟು, ತೂಕ ಸುಮಾರು 80 ಕೆಜಿ. ಇಬ್ಬರು ಎರಡು ತುದಿ ಹಿಡಿದು ಅಂಗಾತ ಎತ್ತಿದರೆ ನಡುಮಧ್ಯದಲ್ಲಿ ಹುಟ್ಟುವ ಎಳೆತ ಚದರ ಮಿಲಿಮೀಟರಿಗೆ ಸುಮಾರು 1.6 ನ್ಯೂಟನ್. ಅದನ್ನೇ ಅಂಚಿನ ಮೇಲೆ ನಿಲ್ಲಿಸಿ ಎತ್ತಿದರೆ 0.27. ಆರು ಪಟ್ಟು ವ್ಯತ್ಯಾಸ! ಅಗಲವನ್ನು ದಪ್ಪದಿಂದ ಭಾಗಿಸಿದರೆ ಬರುವುದೇ ಆ ಆರು.

ಎಂ25 ಕಾಂಕ್ರೀಟು 28 ದಿನ ತುಂಬಿದ ಮೇಲೆ ಬಾಗುವಾಗ ಬಿರಿಯುವುದು ಸುಮಾರು 3.5 ನ್ಯೂಟನ್ನಿಗೆ. ಮಾರನೇ ದಿನ ಬೆಳಿಗ್ಗೆ ಅಚ್ಚು ಬಿಡಿಸುವಾಗ ಅದರಲ್ಲಿ ಒಂದು ಪಾಲಷ್ಟೇ ಬಂದಿರುತ್ತದೆ. ಅಂಗಾತ ಎತ್ತಿ, ಒಂದು ಕುಲುಕು ಕೊಟ್ಟರೆ 1.6 ಎನ್ನುವುದು ಅದರ ಇಮ್ಮಡಿಯ ಹತ್ತಿರ ಹೋಗುತ್ತದೆ. ಅಲ್ಲಿಗೆ ಮುಗಿಯಿತು. ಒಳಗೆ ಕಣ್ಣಿಗೆ ಕಾಣದ ಬಿರುಕು ಕೂತುಬಿಡುತ್ತದೆ. ಗಿರಾಕಿಯ ಗೋಡೆಯಲ್ಲಿ ಅದು ಬಾಯಿ ಬಿಡುತ್ತದೆ. ಇಂಥ ಪಟ್ಟಿಯಲ್ಲಿ ಉದ್ದದ ತಂತಿಗಳು ಇರಲಿ. ಅಡ್ಡ ತಂತಿ ಬಿಟ್ಟು ನಾರು ಹಾಕಿ. ಅಚ್ಚಿನಿಂದ ಬಿಡಿಸುವಾಗಲೇ ಅಂಚಿನ ಮೇಲೆ ತಿರುಗಿಸುವ ಅಭ್ಯಾಸ ಮಾಡಿಸಿ. ಲಾರಿಯಲ್ಲೂ ನಿಲ್ಲಿಸಿಯೇ ಜೋಡಿಸಿ.

ಎತ್ತುವ ಕೊಕ್ಕೆ ಇರುವ ಭಾರೀ ಮಾಲಾದರೆ ಕೊಕ್ಕೆಗೆ ನುಣುಪಾದ ಮೈಲ್ಡ್ ಸ್ಟೀಲ್ ಸರಳನ್ನೇ ಬಳಸಿ, ಟಿಎಂಟಿ ಬೇಡ. ಕೊಕ್ಕೆಯ ಸುತ್ತ ಇರುವ ಕಂಬಿಯನ್ನು ನಾರಿನ ಹೆಸರಿನಲ್ಲಿ ಮುಟ್ಟಬೇಡಿ.

6. ಕರಾವಳಿಯವರು ಕವರಿನ ಲೆಕ್ಕ ಹಾಕಲಿ

ಕಾರವಾರದಿಂದ ಮಂಗಳೂರಿನವರೆಗೆ ಸಮುದ್ರದ ಬದಿಯಲ್ಲಿ ಓಡಾಡಿದವರಿಗೆ ಈ ನೋಟ ಗೊತ್ತು: ಐದಾರು ವರ್ಷದ ಸಿಮೆಂಟ್ ಕಂಬ, ಉದ್ದಕ್ಕೂ ಸೀಳಿ, ಒಳಗಿನ ಸರಳು ಕೆಂಪಗೆ ಹೊರಗೆ ಬಂದಿರುತ್ತದೆ. ಬೈಯುವುದು ಸಿಮೆಂಟಿಗೆ. ತಪ್ಪು ಅಳತೆಯದು.

ಕರಾವಳಿ ಹವೆಗೆ ತೆರೆದಿರುವ ಕಾಂಕ್ರೀಟನ್ನು ಐಎಸ್ 456:2000 ತೀವ್ರ ವರ್ಗಕ್ಕೆ ಸೇರಿಸಿದೆ. ಆ ವರ್ಗದಲ್ಲಿ ಕಂಬಿಯ ಮೇಲೆ 45 ಮಿಮೀ ಕವರ್ ಬೇಕು, ಕಾಂಕ್ರೀಟು ಎಂ30ಕ್ಕೆ ಕಡಿಮೆ ಇರಬಾರದು, ನೀರು-ಸಿಮೆಂಟ್ ಪ್ರಮಾಣ 0.45 ಮೀರಬಾರದು. ಈಗ 50 ಮಿಮೀ ದಪ್ಪದ ಪಟ್ಟಿ ತೆಗೆದುಕೊಳ್ಳಿ. 6 ಮಿಮೀ ಸರಳನ್ನು ಕೂದಲಷ್ಟೂ ಆಚೀಚೆ ಆಗದಂತೆ ನಟ್ಟನಡುವೆ ಇಟ್ಟರೂ ಎರಡೂ ಕಡೆ ಸಿಗುವುದು 22 ಮಿಮೀ. ಅರ್ಧಕ್ಕೂ ಕಡಿಮೆ! ಎಂಥ ಕುಶಲ ಮೇಸ್ತ್ರಿಯಾದರೂ ತೆಳುವಾದ ಮಾಲಿನಲ್ಲಿ ಈ ಲೆಕ್ಕ ಕೂಡಿಸಲಾರ. ತುಕ್ಕು ಹಿಡಿದ ಕಬ್ಬಿಣ ಮೊದಲಿಗಿಂತ ಎಷ್ಟೋ ಪಟ್ಟು ಜಾಗ ಕೇಳುತ್ತದೆ, ಆ ಒತ್ತಡಕ್ಕೆ ಕಾಂಕ್ರೀಟು ಸೀಳುತ್ತದೆ.

ಪಾಲಿಪ್ರೊಪಿಲೀನಿಗೆ ತುಕ್ಕಿಲ್ಲ, ಉಪ್ಪು ತಾಗದು, ಸಿಮೆಂಟಿನ ಕ್ಷಾರವೂ ತಾಗದು. ಹಾಗಾಗಿ ನಾರು ಅತಿ ಹೆಚ್ಚು ಅರ್ಥಪೂರ್ಣವಾಗುವುದು ನಮ್ಮ ಕರಾವಳಿಯ ತೆಳು ಮಾಲಿನಲ್ಲಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಆದರೆ 7 ಅಡಿ ಪಟ್ಟಿಯಿಂದ ತಂತಿ ತೆಗೆದು ಮ್ಯಾಕ್ರೋ ನಾರು ಸುರಿದರೆ ಸಾಲದು. ಉದ್ದವನ್ನು ಕಡಿಮೆ ಮಾಡಿ. ಬಾಗುವ ಎಳೆತ ಉದ್ದದ ವರ್ಗದಂತೆ ಏರುತ್ತದೆ: 7 ಅಡಿಯನ್ನು 5 ಅಡಿಗೆ ಇಳಿಸಿದರೆ ಎಳೆತ ಅರ್ಧಕ್ಕೆ ಬರುತ್ತದೆ. ಕಂಬ ಒಂದೆರಡು ಹೆಚ್ಚಾಗಲಿ, ಪಟ್ಟಿ ಉಳಿಯುತ್ತದೆ. ಕಂಬಗಳಿಗೆ ಕಂಬಿ ಬೇಕೇ ಬೇಕು, ಅಲ್ಲಿ ದಪ್ಪ ಹೆಚ್ಚಿಸಿ ಕವರ್ ಕೊಡಿ. ಗಾಳಿಯ ಹೊಡೆತದ ಲೆಕ್ಕವನ್ನು ಒಬ್ಬ ಸ್ಟ್ರಕ್ಚರಲ್ ಎಂಜಿನಿಯರಿಂದ ಒಮ್ಮೆ ಮಾಡಿಸಿಟ್ಟುಕೊಳ್ಳಿ. ಒಂದು ಸಲದ ಖರ್ಚು, ಸಾವಿರ ಪಟ್ಟಿಗೆ ಬರುತ್ತದೆ.

7. ಕೈಯಳತೆ ಬಿಡಿ, ತೂಗಿ

ಮೈಕ್ರೋ ನಾರಿಗೆ ನಮ್ಮ ಪೇಟೆಯಲ್ಲಿ ಬಳಕೆಯಲ್ಲಿರುವ ಸರಳ ಲೆಕ್ಕ: 50 ಕೆಜಿ ಸಿಮೆಂಟ್ ಚೀಲಕ್ಕೆ 125 ಗ್ರಾಂ ಪೊಟ್ಟಣ. ಘನ ಮೀಟರಿಗೆ 7 ಚೀಲ ಬಳಸುವವರಿಗೆ 875 ಗ್ರಾಂ ಆಯಿತು, ಅಂದರೆ ಗಾತ್ರದಲ್ಲಿ ಸಾವಿರಕ್ಕೆ ಒಂದು ಪಾಲು. ಅಷ್ಟು ಸಾಕು. ಮ್ಯಾಕ್ರೋ ನಾರು ಸಾಮಾನ್ಯವಾಗಿ ಘನ ಮೀಟರಿಗೆ 2ರಿಂದ 8 ಕೆಜಿವರೆಗೆ. ನಿಮ್ಮ ಮಾಲಿಗೆ ಎಷ್ಟು ಎಂಬುದನ್ನು ಪರೀಕ್ಷೆ ಹೇಳಬೇಕು. ಮಾರುವವನ ಕಾಗದದಲ್ಲಿರುವ ಅಂಕಿ ಆರಂಭದ ಸುಳಿವು ಮಾತ್ರ. ಮೊದಲು ಹೇಳಿದ ಕಾಂಪೌಂಡ್ ಪಟ್ಟಿಯಲ್ಲಿ ಮೈಕ್ರೋ ಸುಮಾರು 30 ಗ್ರಾಂ, ಮ್ಯಾಕ್ರೋ 4 ಕೆಜಿ ಲೆಕ್ಕದಲ್ಲಿ ಸುಮಾರು 130 ಗ್ರಾಂ ಆಗುತ್ತದೆ. ಒಂದು ಪಟ್ಟಿಗೆ ಬೀಳುವ ಖರ್ಚನ್ನು ಈ ತೂಕದಿಂದಲೇ ತೆಗೆಯಿರಿ. ಅದರ ಎದುರು ಅಡ್ಡ ತಂತಿಯ ಬೆಲೆ, ಅದನ್ನು ಕಟ್ಟುವ ಕೂಲಿ, ತಿಂಗಳಿಗೆ ಗುಡ್ಡೆ ಸೇರುವ ಮಾಲಿನ ಬೆಲೆ ಬರೆಯಿರಿ. ಮೂರನೆಯದನ್ನು ಬರೆಯದವರಿಗೆ ನಾರು ಯಾವಾಗಲೂ ದುಬಾರಿಯಾಗಿ ಕಾಣುತ್ತದೆ.

8. ಚೀಲದ ಮೇಲಿನ ಬರಹ ಓದಿ ಕೊಳ್ಳಿ

ಯಾವ ಪ್ಲಾಸ್ಟಿಕ್, ಎಷ್ಟು ಉದ್ದ, ಎಷ್ಟು ದಪ್ಪ, ಎಳೆತದ ಬಲ ಎಷ್ಟು, ಯಾವ ಮಾನದಂಡದ ಪ್ರಕಾರ ಪರೀಕ್ಷಿಸಿದ್ದು ಎಂಬ ಐದು ಮಾಹಿತಿ ಇಲ್ಲದ ಚೀಲವನ್ನು ವಾಪಸ್ ಕಳಿಸಿ. ಹಳೆಯ ಮೀನಿನ ಬಲೆ, ಸಿಮೆಂಟ್ ಚೀಲ, ನೀರಿನ ಬಾಟಲಿ ಕತ್ತರಿಸಿ ಹಾಕುವ ಪ್ರಯೋಗಗಳನ್ನು ನೋಡಿದ್ದೇನೆ. ಉದ್ದೇಶ ಒಳ್ಳೆಯದೇ. ಆದರೆ ನುಣುಪಾದ ಪಟ್ಟಿ ಕಾಂಕ್ರೀಟನ್ನು ಹಿಡಿಯುವುದಿಲ್ಲ, ಜಾರಿ ಬರುತ್ತದೆ. ಬಾಟಲಿಯ ಪಾಲಿಯೆಸ್ಟರು ಸಿಮೆಂಟಿನ ಕ್ಷಾರದಲ್ಲಿ ವರ್ಷಗಳು ಕಳೆದಂತೆ ಸವೆಯುತ್ತದೆ. ಮೊದಲ ದಿನದ ಬಿರುಕು ತಡೆಯುವ ಮೈಕ್ರೋ ಕೆಲಸಕ್ಕೆ ಪಾಲಿಯೆಸ್ಟರ್ ನಡೆದೀತು, ಏಕೆಂದರೆ ಅದರ ಕೆಲಸ ಮೊದಲ ದಿನವೇ ಮುಗಿಯುತ್ತದೆ. ಹತ್ತಾರು ವರ್ಷ ಬಿರುಕು ಹಿಡಿದಿರಬೇಕಾದ ಕಡೆ ಪಾಲಿಪ್ರೊಪಿಲೀನ್ ಜಾತಿಯದ್ದೇ ಇರಲಿ.

9. ಮುದ್ದೆ ತಿರುವುವವರಿಗೆ ಗೊತ್ತು, ಗಂಟು ಯಾಕೆ ಆಗುತ್ತದೆ ಎಂದು

ಹಿಟ್ಟನ್ನು ಒಮ್ಮೆಲೇ ಸುರಿದರೆ ಗಂಟು. ನಾರೂ ಅಷ್ಟೆ. ಖಾಲಿ ಮಿಕ್ಸರಿಗೆ ಮೊದಲು ನಾರು ಹಾಕಬಾರದು. ಜಲ್ಲಿ, ಎಂ-ಸ್ಯಾಂಡ್ ತಿರುಗುತ್ತಿರುವಾಗ ಉದುರಿಸುತ್ತ ಬನ್ನಿ. ಜಲ್ಲಿಯೇ ಎಳೆಗಳನ್ನು ಬಿಡಿಸುತ್ತದೆ. ಮ್ಯಾಕ್ರೋ ನಾರಾದರೆ ಇನ್ನೂ ನಿಧಾನ. ಆಮೇಲೆ ಸಿಮೆಂಟ್, ನೀರು. ಎಲ್ಲ ಬಿದ್ದ ಮೇಲೆ ಕನಿಷ್ಠ ನಾಲ್ಕೈದು ನಿಮಿಷ ತಿರುಗಲಿ. ಇದಕ್ಕೆ ಪ್ಯಾನ್ ಮಿಕ್ಸರ್ ಉತ್ತಮ. ಉರುಳುವ ಡ್ರಮ್ಮಿನ ಮಿಲ್ಲರಿನಲ್ಲೂ ಆಗುತ್ತದೆ, ತುಂಬ ತುಂಬಿಸಬೇಡಿ.

ಕೆಲವು ನಾರುಗಳು ನೀರಿನಲ್ಲಿ ಕರಗುವ ಕಾಗದದ ಚೀಲದಲ್ಲಿ ಬರುತ್ತವೆ, ಹಾಗೆಯೇ ಎಸೆಯಿರಿ ಎಂದು ಬರೆದಿರುತ್ತದೆ. ಹೆಚ್ಚು ನೀರಿನ ಕಾಂಕ್ರೀಟಿಗೆ ಸರಿ. ರಿಂಗ್, ಪೈಪಿಗೆ ಬಳಸುವ ಒಣ ಮಿಶ್ರಣದಲ್ಲಿ ಆ ಕಾಗದ ಕರಗುವುದೇ ಇಲ್ಲ. ಅಲ್ಲಿ ಹರಿದು ಉದುರಿಸಿ.

10. ಗಟ್ಟಿಯಾಯಿತೆಂದು ನೀರು ಸುರಿಯಬೇಡಿ

ಈ ಒಂದು ತಪ್ಪು ನಾರಿನ ಪೂರ್ತಿ ಲಾಭವನ್ನು ನುಂಗುತ್ತದೆ. ಯಾಕೆ ಗಟ್ಟಿಯಾಗುತ್ತದೆ ಎಂಬುದನ್ನು ಮಿಕ್ಸರ್ ನಡೆಸುವ ಹುಡುಗನಿಗೆ ಹೀಗೆ ಹೇಳಿ: ಒಂದು ಘನ ಮೀಟರಿನಲ್ಲಿರುವ 900 ಗ್ರಾಂ ಮೈಕ್ರೋ ನಾರಿನ ಎಳೆಗಳ ಮೈಯನ್ನೆಲ್ಲ ಹಾಸಿದರೆ ಸುಮಾರು 120 ಚದರ ಮೀಟರ್ ಆಗುತ್ತದೆ, 30×40 ಸೈಟಿಗಿಂತ ತುಸು ಹೆಚ್ಚು. ಅಷ್ಟು ನೆಲಕ್ಕೆ ಸಿಮೆಂಟ್ ಹಾಲು ಬಳಿಯಬೇಕಲ್ಲ, ಅದಕ್ಕೇ ಕಾಂಕ್ರೀಟು ಬಿಗಿದಂತೆ ಕಾಣುತ್ತದೆ. ಸ್ಲಂಪ್ ಕೋನಿನಲ್ಲಿ ಇಳಿತ ಕಡಿಮೆ ಬಂದರೂ ವೈಬ್ರೇಟರಿಗೆ ಇಟ್ಟೊಡನೆ ಹರಿಯುತ್ತದೆ.

350 ಕೆಜಿ ಸಿಮೆಂಟಿಗೆ 175 ಲೀಟರ್ ನೀರು ಎಂದರೆ ಪ್ರಮಾಣ 0.50. ಹದ ಬರಲಿ ಎಂದು 20 ಲೀಟರ್ ಹೆಚ್ಚು ಸುರಿದರೆ 0.56. ಬಲ ಇಳಿಯಿತು, ಒಣಗುವಾಗಿನ ಕುಗ್ಗುವಿಕೆ ಏರಿತು, ನಾರು ತಡೆಯಬೇಕಿದ್ದ ಬಿರುಕನ್ನು ನೀವೇ ಕರೆತಂದಿರಿ. ಹದ ಬೇಕಿದ್ದರೆ ಐಎಸ್ 9103ಕ್ಕೆ ಒಪ್ಪುವ ಪ್ಲಾಸ್ಟಿಸೈಜರ್ ಹಾಕಿ, ಜಲ್ಲಿಯಲ್ಲಿ ಸ್ವಲ್ಪ ಕಡಿಮೆ ಮಾಡಿ ಮರಳು ಹೆಚ್ಚಿಸಿ. ತೆಳು ಮಾಲಿಗೆ ಮುಕ್ಕಾಲು ಇಂಚಿನ ಜಲ್ಲಿ ಬಿಟ್ಟು ಅರ್ಧ ಇಂಚಿಗೆ ಬನ್ನಿ.

11. ಟೇಬಲ್ ವೈಬ್ರೇಟರ್, ನೆರಳು, ನೀರು

ಸೂಜಿ ವೈಬ್ರೇಟರ್ ಹೊಕ್ಕು ಬಂದ ದಾರಿಯಲ್ಲಿ ನಾರು ಪಕ್ಕಕ್ಕೆ ಸರಿದು ಬರೀ ಗಾರೆ ತುಂಬಿಕೊಳ್ಳುತ್ತದೆ. ಆ ಜಾಗವೇ ಮುಂದೆ ಬಿರಿಯುವ ಗೆರೆ. ಅಚ್ಚಿನ ಮಾಲಿಗೆ ಟೇಬಲ್ ವೈಬ್ರೇಟರೇ ಸರಿ. ಕಾಂಕ್ರೀಟನ್ನು ಒಂದು ತುದಿಯಿಂದ ಸುರಿದು ತಳ್ಳಿದರೆ ನಾರುಗಳು ಹರಿದ ದಿಕ್ಕಿಗೆ ಮಲಗುತ್ತವೆ. ಎರಡು ಕಡೆಯಿಂದ ಸುರಿದರೆ ಸೇರುವಲ್ಲಿ ನಾರಿಲ್ಲದ ಹೊಲಿಗೆ ಉಳಿಯುತ್ತದೆ. ಒಂದೇ ಕಡೆಯಿಂದ ತುಂಬಿ. ಮೇಲ್ಮೈಯಲ್ಲಿ ಕೂದಲಿನಂತೆ ಎಳೆ ಕಂಡರೆ ಗಾಬರಿ ಬೇಡ. ಬಿಸಿಲು ಪಾಲಿಪ್ರೊಪಿಲೀನನ್ನು ಸವೆಸುತ್ತದೆ, ಹೊರಗಿದ್ದದ್ದು ಕಾಲಕ್ರಮೇಣ ಉದುರುತ್ತದೆ, ಒಳಗಿರುವುದಕ್ಕೆ ಬಿಸಿಲೇ ಇಲ್ಲ.

ಕಲಬುರಗಿ, ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ ಎರಕ ಹೊಯ್ಯುವವರು ಮೈಕ್ರೋ ನಾರು ಹಾಕಿದ ಮೇಲೂ ನೆರಳಿನ ಬಲೆ ಕಟ್ಟಬೇಕು, ಒದ್ದೆ ಗೋಣಿ ಹೊದಿಸಬೇಕು, ದಿನಗಟ್ಟಲೆ ನೀರುಣಿಸಬೇಕು. ನಾರು ಬಂತೆಂದು ಕ್ಯೂರಿಂಗ್ ತೊಟ್ಟಿ ಖಾಲಿ ಮಾಡಿದ ಯಾರ್ಡೊಂದರ ಮಾಲು ಉಗುರಿನಲ್ಲಿ ಕೆರೆದರೆ ಪುಡಿ ಬರುತ್ತಿತ್ತು. ಬೇಸರವಾಯಿತು, ಏಕೆಂದರೆ ಅವರು ಕೊಂಡಿದ್ದು ಒಳ್ಳೆಯ ನಾರನ್ನೇ.

ಇಂಟರ್‌ಲಾಕ್ ಪೇವರಿಗೆ ನಾರು ಬೇಕೇ ಎಂದು ಬಹಳ ಜನ ಕೇಳುತ್ತಾರೆ. ಚಿಕ್ಕ, ದಪ್ಪ, ನೆಲಕ್ಕೆ ಕೂತ ಮಾಲು ಅದು. ಆ ದುಡ್ಡನ್ನು ಸಿಮೆಂಟಿಗೆ, ಒತ್ತುವ ಯಂತ್ರದ ದುರಸ್ತಿಗೆ ಹಾಕಿ.

12. ಕ್ಯೂಬಿನಲ್ಲಿ ಕಾಣುವುದಿಲ್ಲ, ತೊಳೆದು ನೋಡಿ, ಮುರಿದು ನೋಡಿ

ಕ್ಯೂಬ್ ಒಡೆದು ಬರುವ ಅಂಕಿ ನಾರಿನ ಬಗ್ಗೆ ಏನೂ ಹೇಳುವುದಿಲ್ಲ. ನಾರಿನ ಗುಣ ತಿಳಿಯಲು ಬಿರುಕು ಬಿಟ್ಟ ಮೇಲೂ ತೊಲೆಯನ್ನು ಬಾಗಿಸುತ್ತ, ಅದು ಎಷ್ಟು ಹೊರೆ ಹಿಡಿದಿರುತ್ತದೆ ಎಂದು ಅಳೆಯುವ ಪರೀಕ್ಷೆಗಳಿವೆ: ಎಎಸ್‌ಟಿಎಂ ಸಿ1609, ಇಎನ್ 14651. ದೊಡ್ಡ ಆರ್ಡರ್ ಹಿಡಿಯುವ ಮುನ್ನ ಎಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯವನ್ನೋ ಮಾನ್ಯತೆ ಪಡೆದ ಲ್ಯಾಬನ್ನೋ ವಿಚಾರಿಸಿ.

ದಿನದ ತಪಾಸಣೆಗೆ ಯಾರ್ಡಿನಲ್ಲೇ ಆಗುವ ಉಪಾಯವಿದೆ. ಮಿಕ್ಸರಿನಿಂದ ಹತ್ತು ಲೀಟರ್ ಹಸಿ ಕಾಂಕ್ರೀಟು ತೆಗೆಯಿರಿ. ದೊಡ್ಡ ಬಾನಿಯಲ್ಲಿ ಹಾಕಿ ನೀರು ಬಿಟ್ಟು ಕಲಕಿ. ಪಾಲಿಪ್ರೊಪಿಲೀನ್ ನೀರಿಗಿಂತ ಹಗುರ, ಸಾಂದ್ರತೆ 0.91, ಮ್ಯಾಕ್ರೋ ಎಳೆಗಳು ತೇಲಿ ಬರುತ್ತವೆ. ಜರಡಿಯಲ್ಲಿ ಹಿಡಿದು, ಒಣಗಿಸಿ, ತೂಗಿ. ಘನ ಮೀಟರಿಗೆ 4 ಕೆಜಿ ಹಾಕಿದ್ದೇವೆ ಎಂದಾದರೆ 40 ಗ್ರಾಂ ಸಿಗಬೇಕು. ಒಂದು ಬ್ಯಾಚಿನ ಆರಂಭದಲ್ಲಿ 40, ಕೊನೆಯಲ್ಲಿ 20 ಸಿಕ್ಕರೆ ಮಿಕ್ಸರ್ ಸರಿಯಾಗಿ ಕಲಸುತ್ತಿಲ್ಲ. ಎರಡರಲ್ಲೂ 20 ಸಿಕ್ಕರೆ ಚೀಲ ಹರಿಯುವವರ ಹತ್ತಿರ ಸಮಾಧಾನವಾಗಿ ಮಾತಾಡಿ.

ತೊಳೆದ ನೀರನ್ನು ಹಾಗೇ ಚರಂಡಿಗೆ ಬಿಡಬೇಡಿ. ತೇಲುವ ಪ್ಲಾಸ್ಟಿಕ್ ಎಳೆ ಕೊನೆಗೆ ಸೇರುವುದು ಕೆರೆಗೆ, ಹೊಳೆಗೆ. ಮಿಕ್ಸರ್ ತೊಳೆಯುವ ತೊಟ್ಟಿಯ ಬಾಯಿಗೆ ಒಂದು ದಪ್ಪ ಬಟ್ಟೆ ಕಟ್ಟಿ, ವಾರಕ್ಕೊಮ್ಮೆ ಸಿಕ್ಕಿದ ನಾರನ್ನು ಚೀಲಕ್ಕೆ ತುಂಬಿ. ಅರ್ಧ ಗಂಟೆಯ ಕೆಲಸ.

13. ರಸ್ತೆಯ ಮುಚ್ಚಳದಲ್ಲಿ ರಾಜಿ ಬೇಡ

ಚೇಂಬರ್ ಮುಚ್ಚಳಕ್ಕೆ ಐಎಸ್ 12592 ನಾಲ್ಕು ದರ್ಜೆ ಕೊಟ್ಟಿದೆ: ಎಲ್‌ಡಿ 2.5, ಎಂಡಿ 10, ಎಚ್‌ಡಿ 20, ಇಎಚ್‌ಡಿ 35. ಸಂಖ್ಯೆ ಟನ್ ಲೆಕ್ಕದ್ದು. ಮನೆಯಂಗಳಕ್ಕೆ ಮಾಡಿದ ಮುಚ್ಚಳವನ್ನು ಲಾರಿ ಓಡುವ ರಸ್ತೆಗೆ ಮಾರಿದರೆ ಯಾವ ನಾರೂ ಕಾಪಾಡುವುದಿಲ್ಲ. ದರ್ಜೆಯನ್ನು ಮುಚ್ಚಳದ ಮೈಮೇಲೆ ಅಚ್ಚೊತ್ತಿ. ಹೊರೆ ಹೊರುವ ಕಂಬಿಯನ್ನು ಲೆಕ್ಕದಂತೆ ಹಾಕಿ, ನಾರನ್ನು ಅದರ ಜೊತೆಗೆ ಕೊಡಿ. ಹಾಗೆ ಮಾಡಿದ ಮುಚ್ಚಳ ಒಡೆದರೂ ಚೂರಾಗಿ ಗುಂಡಿಗೆ ಬೀಳದೆ ಹಿಡಿದು ನಿಲ್ಲುತ್ತದೆ. ನೋಡಿದವರು ಬದಲಿಸುವಷ್ಟು ಸಮಯ ಸಿಗುತ್ತದೆ. ಅದರ ಮೇಲೆ ಶಾಲೆಗೆ ಹೋಗುವ ಮಗು ನಡೆಯುತ್ತದೆ, ಮಳೆಯಲ್ಲಿ ಬೈಕು ಹಾಯುತ್ತದೆ.

ಈ ವಾರ ಹತ್ತು ಪಟ್ಟಿ ನಾರು ಹಾಕಿ, ಹತ್ತು ನಾರಿಲ್ಲದೆ ಎರಕ ಹೊಯ್ಯಿರಿ. ಎರಡಕ್ಕೂ ಒಂದೇ ಸಿಮೆಂಟ್, ಒಂದೇ ನೀರು, ಒಂದೇ ಕ್ಯೂರಿಂಗ್. ಬಣ್ಣದ ಗುರುತು ಹಾಕಿ ಲಾರಿ ಹತ್ತಿಸಿ, ಇಳಿಸಿ. 28ನೇ ದಿನ ಎರಡು ತುದಿಗೆ ಕಲ್ಲು ಕೊಟ್ಟು, ನಡುವೆ ಮರಳಿನ ಚೀಲ ಒಂದೊಂದಾಗಿ ಹೇರಿ ಮುರಿಯಿರಿ. ಎಷ್ಟು ಮೂಲೆ ಹಾರಿತು, ಎಷ್ಟು ಚೀಲಕ್ಕೆ ಬಿರಿಯಿತು, ಬಿರಿದ ಮೇಲೆ ಇನ್ನೆಷ್ಟು ಚೀಲ ತಡೆಯಿತು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆಯಿರಿ. ನಾರು ಕೊಳ್ಳುವ ನಿರ್ಧಾರವನ್ನು ಆ ಪುಸ್ತಕ ನೋಡಿ ಮಾಡಿ.